ಬೆಸುಗೆಯ ಕೈಬರಹ

ಸೋದರಮಾವನ ಗಿಟಾರು ಹತ್ತೊಂಬತ್ತು ವರ್ಷ ಅಟ್ಟದ ಮೇಲಿತ್ತು. ಕಂಬಳಿಯಲ್ಲಿ ಸುತ್ತಿ, ಮೇಲೊಂದು ಗೋಣಿಚೀಲ ಹೊದಿಸಿ, ಮನೆಯ ಹಳೆಯ ತೊಟ್ಟಿಲಿನೊಳಗೆ ಮಲಗಿಸಿದ್ದರು. ಸುಣ್ಣಬಣ್ಣಕ್ಕೆಂದು ಅಟ್ಟ ಖಾಲಿ ಮಾಡಿದಾಗ ಅದು ಕೆಳಗಿಳಿಯಿತು. ಮಾವ ಎಂಬತ್ತರ ದಶಕದಲ್ಲಿ ತುಮಕೂರಿನ ಒಂದು ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದವರು. ಗಣೇಶನ ಹಬ್ಬ ಶುರುವಾದರೆ ರಾಜ್ಯೋತ್ಸವದ ತಿಂಗಳು ಮುಗಿಯುವ ತನಕ ಅವರು ಮನೆಯಲ್ಲಿ ಮಲಗಿದ ರಾತ್ರಿಗಳು ಕಡಿಮೆ ಎಂದು ಅತ್ತೆ ಈಗಲೂ ಹೇಳುತ್ತಾರೆ. ಯಾಕೆ ಮೇಲಿಟ್ಟಿರಿ ಅಂತ ಕೇಳಿದೆ. "ಅದರ ದನಿ ಸತ್ತುಹೋಯ್ತು ಕಣಮ್ಮ" ಎಂದರು.

ದನಿ ಸತ್ತುಹೋಗುವುದು ಎಂದರೇನು? ಮರ ಗಟ್ಟಿಯಾಗಿತ್ತು. ಕತ್ತು ಬಾಗಿರಲಿಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ನಮ್ಮಪ್ಪನದು ಬಸ್ ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿ ರೇಡಿಯೊ ರಿಪೇರಿ ಅಂಗಡಿ ಇತ್ತು. ಕಾದ ರಾಳದ ವಾಸನೆಯಲ್ಲೇ ಬೆಳೆದೆ. ಆದರೆ ಬೆಸುಗೆಯ ಕಡ್ಡಿ ಕೈಗೆ ಕೊಟ್ಟವರಿಲ್ಲ. ಹುಡುಗಿಗೆ ಯಾಕೆ ಎಂಬ ಕಾಲ ಅದು. ಅಪ್ಪ ಹೋದ ಮೇಲೆ ಅವರ ಉಪಕರಣಗಳ ಪೆಟ್ಟಿಗೆ ನನ್ನ ಬಳಿ ಉಳಿದಿತ್ತು. ಅದರೊಳಗಿನ ಸ್ಕ್ರೂಡ್ರೈವರ್ ತೆಗೆದುಕೊಂಡು ಗಿಟಾರಿನ ಎದೆಯ ಮೇಲಿನ ಬಿಳಿ ಫಲಕದ ಹನ್ನೊಂದು ಸ್ಕ್ರೂಗಳನ್ನು ಬಿಚ್ಚಿದೆ.

ಫಲಕವನ್ನು ಮಗುಚಿದರೆ ಅದರ ಬೆನ್ನಿಗೆ ಎಲ್ಲವೂ ಅಂಟಿಕೊಂಡಿತ್ತು. ಮೂರು ಸುರುಳಿ, ಮೂರು ತಿರುಗುಗುಬ್ಬಿ, ಒಂದು ಸ್ವಿಚ್ಚು, ಹುಣಸೆ ಬೀಜದಷ್ಟು ದೊಡ್ಡ ಒಂದು ಕೆಪಾಸಿಟರ್, ಒಂದಷ್ಟು ವೈರು. ಮರದ ಗುಳಿಯ ಒಳಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದ ದಿನಾಂಕ: 5-11-87.

ಮಾವನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ತಿಪಟೂರಿನಲ್ಲಿ ಪ್ರೋಗ್ರಾಂ. ಮಧ್ಯಾಹ್ನ ವಾಲ್ಯೂಮ್ ಕೆಟ್ಟಿತು. ಅಲ್ಲಿನ ರೇಡಿಯೊ ಅಂಗಡಿಯವನೊಬ್ಬ ಸಂಜೆಯೊಳಗೆ ಮಾಡಿಕೊಟ್ಟ. ದುಡ್ಡು ಕೊಡಕ್ಕೆ ಹೋದರೆ ಮುಂದಿನ ಸಾಲಿನಲ್ಲಿ ಕೂರಿಸಿ ಸಾಕು ಅಂದ." ಆ ಅಪರಿಚಿತನ ಕೈಬರಹ ನೋಡುತ್ತಿದ್ದಂತೆ ನನಗೊಂದು ವಿಷಯ ಹೊಳೆಯಿತು. ಈ ವಾದ್ಯದೊಳಗೆ ಕೈಯಿಟ್ಟವಳು ನಾನೇ ಮೊದಲಲ್ಲ. ಮೊದಲು ಇದನ್ನು ಓದಬೇಕು, ಆಮೇಲೆ ಮುಟ್ಟಬೇಕು.

ರೇಡಿಯೊ ಅಂಗಡಿಯ ಕೂಸು

ಎಲೆಕ್ಟ್ರಿಕ್ ಗಿಟಾರಿನ ಒಳಗಿರುವುದು ಶಾಲೆಯ ಪಾಠವೇ. 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟ ತತ್ತ್ವ ಅದು: ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರ ಬದಲಾದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಗಿಟಾರಿನ ತಂತಿಗಳ ಕೆಳಗಿರುವ ಪಿಕಪ್ ಎಂಬ ಭಾಗದಲ್ಲಿ ಆರು ಪುಟ್ಟ ಅಯಸ್ಕಾಂತದ ಕಡ್ಡಿಗಳಿವೆ, ತಂತಿಗೊಂದರಂತೆ. ಅವುಗಳ ಸುತ್ತ ತಾಮ್ರದ ತಂತಿಯ ಸುರುಳಿ. ಮೇಲಿನ ಉಕ್ಕಿನ ತಂತಿ ಅಯಸ್ಕಾಂತದ ಪ್ರಭಾವಕ್ಕೆ ತಾನೂ ಕಾಂತವಾಗಿರುತ್ತದೆ. ಅದನ್ನು ಮೀಟಿದಾಗ ಕ್ಷೇತ್ರ ನಡುಗುತ್ತದೆ. ಆ ನಡುಕವೇ ಸುರುಳಿಯಲ್ಲಿ ವಿದ್ಯುತ್ತಾಗಿ ಹೊರಬರುತ್ತದೆ. ನೈಲಾನ್ ತಂತಿ ಹಾಕಿದರೆ ಈ ಗಿಟಾರು ಮೂಕವಾಗುವುದು ಇದಕ್ಕೇ.

ಈ ಉಪಾಯವನ್ನು ಗಿಟಾರಿಗೆ ಯಶಸ್ವಿಯಾಗಿ ಹೊಂದಿಸಿದವರು ಅಮೆರಿಕದ ಜಾರ್ಜ್ ಬೋಶಾಂಪ್. ಅವರು ಅಡಾಲ್ಫ್ ರಿಕನ್‌ಬ್ಯಾಕರ್ ಜೊತೆಗೂಡಿ 1930ರ ದಶಕದ ಆರಂಭದಲ್ಲಿ ತಂದ ವಾದ್ಯ ತೊಡೆಯ ಮೇಲಿಟ್ಟು ನುಡಿಸುವ ಹವಾಯಿಯನ್ ಗಿಟಾರು. ಬಾಣಲೆಯ ಆಕಾರವಿದ್ದದ್ದರಿಂದ ಜನ ಅದನ್ನು ಬಾಣಲೆ ಎಂದೇ ಕರೆದರು. ಅದರ ಪೇಟೆಂಟ್ ಸಿಕ್ಕಿದ್ದು 1937ರಲ್ಲಿ. ಮುಂದಿನ ಹೆಸರು ಲಿಯೋ ಫೆಂಡರ್. 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಊರಿನಲ್ಲಿ ಅವರು ತೆರೆದದ್ದು ಒಂದು ರೇಡಿಯೊ ರಿಪೇರಿ ಅಂಗಡಿ. ಸಂಗೀತಗಾರರು ಕೆಟ್ಟ ಆಂಪ್ಲಿಫಯರ್‌ಗಳನ್ನು ಹೊತ್ತು ತರುತ್ತಿದ್ದರು. ಅವುಗಳನ್ನು ಸರಿಮಾಡುತ್ತಾ ಮಾಡುತ್ತಾ ಫೆಂಡರ್ ವಾದ್ಯಗಳನ್ನೇ ಕಟ್ಟಲು ತೊಡಗಿದರು. ಅವರಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. 1954ರಲ್ಲಿ ಅವರ ಕಂಪನಿ ಹೊರತಂದ ಸ್ಟ್ರಾಟೋಕ್ಯಾಸ್ಟರ್ ಮಾದರಿಯನ್ನೇ ಲೋಕವೆಲ್ಲ ಅನುಸರಿಸಿತು. ಮಾವನದು ಜಪಾನಿನಲ್ಲಿ ಅದೇ ಆಕಾರದಲ್ಲಿ ತಯಾರಾದದ್ದು. ತಲೆಯ ಮೇಲಿನ ಹೆಸರು ಉಜ್ಜಿ ಉಜ್ಜಿ ಅಳಿಸಿಹೋಗಿದೆ.

ಲಿಯೋ ಫೆಂಡರ್ ರೇಡಿಯೊ ರಿಪೇರಿಯವರು ಎಂದು ಓದಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಗುಬ್ಬಿ ತಿರುಗಿಸಿದರೆ ದನಿ ಏರುವುದು, ಕೆಪಾಸಿಟರಿನಿಂದ ಕೀರಲು ತಗ್ಗುವುದು, ಬೆಸುಗೆ, ವೈರು ಎಲ್ಲವೂ ನಮ್ಮಪ್ಪನ ಮೇಜಿನ ಮೇಲಿದ್ದವೇ. ತಿಪಟೂರಿನ ಆ ಮನುಷ್ಯನಿಗೂ ಇದು ಪರಿಚಯದ ದಾರಿಯೇ ಆಗಿತ್ತು.

ಮೊದಲು ಓದು

ಹಳೆಯ ವೈರಿಂಗ್ ಕಲಿಯಬೇಕೆನ್ನುವವರಿಗೆ ನನ್ನ ಮೊದಲ ಮಾತು: ಏನನ್ನೂ ಬಿಚ್ಚುವ ಮುನ್ನ ಹಗಲು ಬೆಳಕಿನಲ್ಲಿ ನಾಲ್ಕು ಫೋಟೊ ತೆಗೆಯಿರಿ. ಆಮೇಲೆ ಕಾಗದದ ಮೇಲೆ ನಿಮ್ಮ ಕೈಯಾರೆ ಚಿತ್ರ ಬರೆಯಿರಿ. ಫೋಟೊ ವೈರನ್ನು ತೋರಿಸುತ್ತದೆ, ಚಿತ್ರ ದಾರಿಯನ್ನು ತೋರಿಸುತ್ತದೆ.

ದಾರಿ ಸರಳ. ಪಿಕಪ್ಪಿನಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ವಾಲ್ಯೂಮಿಗೆ, ಅಲ್ಲಿಂದ ಕೇಬಲ್ ಚುಚ್ಚುವ ಜ್ಯಾಕಿಗೆ. ನಡುವೆ ಒಂದು ಕವಲು ಟೋನ್ ಗುಬ್ಬಿಗೆ ಹೋಗುತ್ತದೆ. ಇವೆಲ್ಲದರ ಇನ್ನೊಂದು ತುದಿ ಒಂದೇ ಕಡೆ ಸೇರಬೇಕು, ಅದು ಗ್ರೌಂಡ್. ತೋಟಕ್ಕೆ ನೀರು ಹಾಯಿಸಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ನೀರು ಕೊನೆಯ ಮಡಿಗೆ ಬರಲಿಲ್ಲವೆಂದರೆ ಕಾಲುವೆಯ ಗುಂಟ ಹಿಂದಕ್ಕೆ ನಡೆದು ಎಲ್ಲಿ ಒಡೆದಿದೆ ಎಂದು ನೋಡುತ್ತೇವಲ್ಲ, ಹಾಗೆಯೇ.

ನಡೆಯಲು ಬೇಕಾದ ಕೋಲು ಮಲ್ಟಿಮೀಟರ್. ಅದನ್ನು 20 ಕಿಲೋ ಓಮ್ ಅಳತೆಗಿಟ್ಟು ಪಿಕಪ್ಪಿನ ಎರಡು ವೈರಿಗೆ ಮುಟ್ಟಿಸಿದೆ. ಕತ್ತಿನ ಬಳಿಯದು 5.8 ತೋರಿಸಿತು. ಕೆಳಗಿನದು 6.1. ನಡುವಿನದು ಏನನ್ನೂ ತೋರಿಸಲಿಲ್ಲ. ಅಂದರೆ ಸುರುಳಿ ಎಲ್ಲೋ ಕಡಿದಿದೆ.

ಈ ಅಂಕಿಗಳ ಅರ್ಥ ತಿಳಿದಾಗ ಬೆರಗಾಯಿತು. ಇಂಥ ಸುರುಳಿಗೆ ಬಳಸುವ ತಂತಿ 42 ಗೇಜಿನದು. ದಪ್ಪ ಒಂದು ಮಿಲಿಮೀಟರಿನ ಹದಿನಾರನೇ ಒಂದು ಭಾಗ, ತಲೆಗೂದಲಿನಷ್ಟು. ಅದರ ಒಂದು ಮೀಟರಿನ ರೋಧ ಸುಮಾರು ಐದೂವರೆ ಓಮ್. ಆರು ಸಾವಿರ ಓಮ್ ಬಂದರೆ ನನ್ನ ಅಂಗೈಯಗಲದ ಆ ಸುರುಳಿಯಲ್ಲಿ ಒಂದು ಕಿಲೋಮೀಟರಿಗಿಂತ ಹೆಚ್ಚು ತಂತಿಯಿದೆ, ಸುಮಾರು ಎಂಟು ಸಾವಿರ ಸುತ್ತು! ಫೆಂಡರ್ ಕಾರ್ಖಾನೆಯಲ್ಲಿ ಇದನ್ನು ಸುತ್ತುತ್ತಿದ್ದವರಲ್ಲಿ ಹೆಣ್ಣುಮಕ್ಕಳು ಬಹಳ ಮಂದಿ. 1956ರಲ್ಲಿ ಕೆಲಸಕ್ಕೆ ಸೇರಿದ ಅಬಿಗೇಲ್ ಇಬಾರ್ರಾ ಅವರ ಕೈಯಿಂದ ಬಂದ ಸುರುಳಿಗಳನ್ನು ಸಂಗೀತಗಾರರು ಇಂದಿಗೂ ಹುಡುಕಿಕೊಂಡು ಹೋಗುತ್ತಾರೆ.

ಇನ್ನೊಂದು ಸಂಗತಿ. ಬೆಳಿಗ್ಗೆ 5.8 ಇದ್ದದ್ದು ಏಪ್ರಿಲ್ಲಿನ ಮಧ್ಯಾಹ್ನ ಆರರ ಹತ್ತಿರ ಬಂತು. ಏನೋ ಕೆಟ್ಟಿತೆಂದು ಗಾಬರಿಯಾಯಿತು. ಕೆಟ್ಟಿರಲಿಲ್ಲ. ಬಿಸಿ ಒಂದು ಡಿಗ್ರಿ ಏರಿದರೆ ತಾಮ್ರದ ರೋಧ ಶೇಕಡಾ 0.4ರಷ್ಟು ಏರುತ್ತದೆ. ಈ ಪಾಠವನ್ನು ನಾನೇ ಹತ್ತಾರು ಸಲ ಬೋರ್ಡಿನ ಮೇಲೆ ಬರೆದಿದ್ದೇನೆ. ಅದು ಕೈಗೆ ತಾಕಿದ್ದು ಆ ಮಧ್ಯಾಹ್ನ.

ಬೆಸುಗೆ ಹಾಕುವ ಹದ

ಕಡಿದ ಸುರುಳಿ ಮುಟ್ಟುವ ಮೊದಲು ಕೈ ಪಳಗಬೇಕಿತ್ತು. ಅಪ್ಪನ ಪೆಟ್ಟಿಗೆಯಲ್ಲಿದ್ದ ಸತ್ತ ರೇಡಿಯೊದ ಬೋರ್ಡೊಂದನ್ನು ಮುಂದಿಟ್ಟುಕೊಂಡು ಮೂರು ವಾರ, ದಿನಕ್ಕೆ ಹತ್ತರಂತೆ, ಬೆಸುಗೆ ಬಿಡಿಸಿ ಮತ್ತೆ ಹಾಕಿದೆ.

ಬೆಸುಗೆಯ ತಂತಿ ಎಂದರೆ ತವರ ಮತ್ತು ಸೀಸದ ಮಿಶ್ರಣ. ಒಳಗೆ ರಾಳದ ಎಳೆ ಇರುತ್ತದೆ. 60ಕ್ಕೆ 40ರ ಮಿಶ್ರಣ 183 ಡಿಗ್ರಿಗೆ ಕರಗಲು ಶುರುವಾಗಿ 190ರ ಹೊತ್ತಿಗೆ ಪೂರ್ತಿ ನೀರಾಗುತ್ತದೆ. ಹೊಸಬರ ಕೈ ಕಾದ ಕಡ್ಡಿಗೆ ತವರ ಮುಟ್ಟಿಸಿ, ಕರಗಿದ ಹನಿಯನ್ನು ತಂದು ವೈರಿನ ಮೇಲೆ ಇಡುತ್ತದೆ. ಹಾಗಿಟ್ಟದ್ದು ತಣ್ಣನೆಯ ದೋಸೆಕಲ್ಲಿನ ಮೇಲೆ ಹಿಟ್ಟು ಹೊಯ್ದ ಹಾಗೆ; ಕೂತಿರುತ್ತದೆ, ಹಿಡಿದಿರುವುದಿಲ್ಲ. ಕಲ್ಲು ಕಾಯಬೇಕು. ಕಡ್ಡಿಯ ತುದಿಯನ್ನು ವೈರು ಮತ್ತು ಲೋಹದ ಕಿವಿ ಎರಡಕ್ಕೂ ಒತ್ತಿ, ಮನಸ್ಸಿನಲ್ಲೇ ಎರಡು ಎಣಿಸಿ, ಆಮೇಲೆ ತವರವನ್ನು ಕಡ್ಡಿಗಲ್ಲ, ಕೆಲಸಕ್ಕೆ ಮುಟ್ಟಿಸಬೇಕು. ಸರಿಯಾಗಿ ಕಾದಿದ್ದರೆ ಅದು ಬಿಸಿ ಅನ್ನದ ಮೇಲಿನ ತುಪ್ಪದಂತೆ ತಾನಾಗಿ ಹರಿದು ಎಳೆಎಳೆಗೂ ಇಳಿಯುತ್ತದೆ. ಆರುವ ತನಕ ಅಲುಗಿಸಕೂಡದು. ಅಲುಗಿದರೆ ಮೇಲ್ಮೈ ಬೂದು ಬಣ್ಣಕ್ಕೆ ತಿರುಗಿ ತರಿತರಿಯಾಗುತ್ತದೆ. ಒಳ್ಳೆಯ ಬೆಸುಗೆ ನುಣ್ಣಗೆ ಹೊಳೆಯುತ್ತದೆ, ವೈರಿನ ಆಕಾರ ಅದರೊಳಗಿಂದ ಕಾಣುತ್ತಿರುತ್ತದೆ.

ಕಿಟಕಿ ತೆರೆದಿರಲಿ. ಸೀಸ ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆಯದೆ ತಿಂಡಿಗೆ ಕೂರಬೇಡಿ. ವೈರುಗಳಿಗೆ 25 ವಾಟಿನ ಕಡ್ಡಿ ಸಾಕು. ಗುಬ್ಬಿಯ ಲೋಹದ ಬೆನ್ನಿಗೆ ಗ್ರೌಂಡ್ ವೈರು ಬೆಸೆಯಲು ಸಾಲದು. ಆ ತಗಡು ಬಿಸಿಯನ್ನೆಲ್ಲ ಕುಡಿದುಬಿಡುತ್ತದೆ, ಕರಗಲಿ ಎಂದು ಕಾಯುವಷ್ಟರಲ್ಲಿ ಒಳಗಿನ ಇಂಗಾಲದ ಪಟ್ಟಿ ಬೇಯುತ್ತದೆ. ಹೆಚ್ಚು ವಾಟಿನ, ಅಗಲ ತುದಿಯ ಕಡ್ಡಿ ತೆಗೆದುಕೊಂಡು ಬೇಗ ಮುಗಿಸುವುದೇ ಅಲ್ಲಿ ಜಾಣತನ.

ಮೂಗು ಕಟ್ಟಿದ ದನಿ

ಮಾವ ಹೇಳುತ್ತಿದ್ದ ಇನ್ನೊಂದು ಮಾತು ನನ್ನ ತಲೆಯಲ್ಲಿತ್ತು: "ಸಾಯೋಕೆ ಎಷ್ಟೋ ವರ್ಷ ಮೊದಲೇ ಅದಕ್ಕೆ ನೆಗಡಿ ಹಿಡಿದಿತ್ತು." ಅಂದರೆ ದನಿ ಮಂಕಾಗಿತ್ತು, ಮೇಲಿನ ಮಿಂಚು ಹೋಗಿತ್ತು. ಪಿಕಪ್ಪಿಗೆ ವಯಸ್ಸಾಯಿತು ಎಂದು ಅವರು ಅಂದುಕೊಂಡಿದ್ದರು.

ವಾಲ್ಯೂಮಿನ ಗುಬ್ಬಿ ಬಿಡಿಸಿ ಅಳೆದೆ. 50 ಕಿಲೋ ಓಮ್. ಈ ಬಗೆಯ ಗಿಟಾರಿಗೆ ಬೇಕಾದದ್ದು 250. ಟೋನಿನ ಎರಡೂ ಗುಬ್ಬಿಗಳು 250ರವೇ ಆಗಿದ್ದವು. ಇದೊಂದು ಬೇರೆ. ಇದರ ಬೆನ್ನ ಮೇಲೆಯೇ ತಿಪಟೂರಿನವರ ಬೆಸುಗೆ ಇತ್ತು.

ಅದರಿಂದ ಆಗುವುದೇನು? ವಾಲ್ಯೂಮ್ ಗುಬ್ಬಿ ಒಂದು ಅರ್ಧಚಂದ್ರಾಕಾರದ ಇಂಗಾಲದ ಪಟ್ಟಿ. ಅದರ ಒಂದು ತುದಿ ಪಿಕಪ್ಪಿಗೆ, ಇನ್ನೊಂದು ಗ್ರೌಂಡಿಗೆ. ಗುಬ್ಬಿಯನ್ನು ಪೂರ್ತಿ ತೆರೆದಿದ್ದರೂ ಆ ಪಟ್ಟಿಯ ಮೂಲಕ ಒಂದಷ್ಟು ಸೋರುತ್ತಲೇ ಇರುತ್ತದೆ. ರೋಧ ಕಡಿಮೆಯಾದಷ್ಟೂ ಸೋರಿಕೆ ಹೆಚ್ಚು. ಸುರುಳಿಯ ಸ್ವಭಾವವೆಂದರೆ ಮೇಲಿನ ಸ್ವರಗಳಿಗೆ ತಾನೇ ಹೆಚ್ಚು ಅಡ್ಡಿಯಾಗುವುದು; ಹಾಗಾಗಿ ಈ ಸೋರಿಕೆಯ ಹೊಡೆತ ಮೊದಲು ಬೀಳುವುದು ಕೀರಲಿನ ಮೇಲೆ, ತಂತಿಯ ಮಿಂಚಿನ ಮೇಲೆ. ಪಿಕಪ್ಪಿಗೆ ವಯಸ್ಸಾಗಿರಲಿಲ್ಲ. ಅದರ ಎದುರಿನ ತೂಬು ದೊಡ್ಡದಾಗಿತ್ತು, ಅಷ್ಟೆ.

ತಿಪಟೂರಿನ ಮನುಷ್ಯನ ಮೇಲೆ ನನಗೆ ಕಿಂಚಿತ್ತೂ ಬೇಸರವಿಲ್ಲ. ಸಂಜೆ ಏಳಕ್ಕೆ ಕಾರ್ಯಕ್ರಮ, ಅಂಗಡಿಯಲ್ಲಿದ್ದದ್ದು ಆ ಒಂದು ಗುಬ್ಬಿ. ಆ ರಾತ್ರಿ ಮಾವ ವೇದಿಕೆ ಹತ್ತಿದ್ದು ಅವರಿಂದ. ಅವರ ಬೆಸುಗೆ ಇಷ್ಟು ವರ್ಷವಾದರೂ ಬಿಟ್ಟಿರಲಿಲ್ಲ.

ಹೊಸ ಗುಬ್ಬಿಗಾಗಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. ಅಪ್ಪ ತಿಂಗಳಿಗೊಮ್ಮೆ ಬಿಡಿಭಾಗ ತರಲು ಹೋಗುತ್ತಿದ್ದ ರಸ್ತೆ ಅದೇ. ಮೂರನೇ ಅಂಗಡಿಯಲ್ಲಿ 250 ಕಿಲೋ ಓಮಿನದು ಸಿಕ್ಕಿತು. ಕೊಳ್ಳುವಾಗ ಎರಡು ವಿಷಯ ನೆನಪಿರಲಿ. ಒಂದು, ಗುಬ್ಬಿಯ ಮೇಲೆ ಎ ಅಕ್ಷರವಿದ್ದರೆ ಅದು ಕಿವಿಯ ಲೆಕ್ಕಕ್ಕೆ ತಕ್ಕಂತೆ ಏರುವಂಥದ್ದು. ದನಿ ದುಪ್ಪಟ್ಟಾಯಿತು ಎಂದು ಕಿವಿಗೆ ಅನ್ನಿಸಲು ಶಕ್ತಿ ಸುಮಾರು ಹತ್ತು ಪಟ್ಟು ಬೇಕು. ಸಮಾನವಾಗಿ ಏರುವ ಬಿ ಗುಬ್ಬಿ ವಾಲ್ಯೂಮಿಗೆ ಹಾಕಿದರೆ ದನಿಯ ಏರಿಳಿತವೆಲ್ಲ ಒಂದು ಕೊನೆಯಲ್ಲೇ ಮುಗಿದಂತೆ ಅನ್ನಿಸುತ್ತದೆ. ಎರಡು, ಇವುಗಳಲ್ಲಿ ಶೇಕಡಾ 20ರ ಹೆಚ್ಚುಕಡಿಮೆ ಸಾಮಾನ್ಯ. ಹಾಗಾಗಿ ಮೀಟರ್ ಒಯ್ದು ಅಳೆದೇ ತನ್ನಿ. ನನಗೆ ಸಿಕ್ಕಿದ್ದು 241.

ಕೆಪಾಸಿಟರಿನ ಮೇಲೆ 473 ಎಂದಿತ್ತು. 47ರ ಮುಂದೆ ಮೂರು ಸೊನ್ನೆ ಹಾಕಿ ಪಿಕೋಫ್ಯಾರಡ್ ಎಂದು ಓದಬೇಕು, ಅಂದರೆ 0.047 ಮೈಕ್ರೊಫ್ಯಾರಡ್. ಟೋನ್ ಗುಬ್ಬಿ ಇಳಿಸಿದಾಗ ಮೇಲಿನ ಸ್ವರಗಳನ್ನು ಗ್ರೌಂಡಿಗೆ ಹಾಯಿಸಿಬಿಡುವುದು ಇದರ ಕೆಲಸ. ಅಳೆದರೆ ಸರಿಯಾಗಿತ್ತು. ಹಳೆಯದೆಂದು ಅದನ್ನು ಕಿತ್ತುಹಾಕಲು ನನಗೆ ಕಾರಣ ಕಾಣಲಿಲ್ಲ. ಟೋನ್ ಗುಬ್ಬಿಗಳು ಕರಕರ ಎನ್ನುತ್ತಿದ್ದವು. ಸಂದಿಯೊಳಗೆ ಕಾಂಟ್ಯಾಕ್ಟ್ ಕ್ಲೀನರ್ ಎರಡು ಚಿಮ್ಮು ಬಿಟ್ಟು ಮೂವತ್ತು ಸಲ ಆಚೀಚೆ ತಿರುಗಿಸಿದಾಗ ಶಾಂತವಾದವು.

ಕೂದಲೆಳೆಯ ಕೆಲಸ

ನಡುವಿನ ಸುರುಳಿಗಾಗಿ ಒಂದು ಭಾನುವಾರವನ್ನೇ ಎತ್ತಿಟ್ಟೆ. ಫ್ಯಾನು ಆರಿಸಿ, ಮೇಜಿನ ಮೇಲೆ ಬಿಳಿ ಪಂಚೆ ಹಾಸಿ, ಮಗನ ಭೂತಗನ್ನಡಿ ತೆಗೆದುಕೊಂಡು ಕೂತೆ. ಸುರುಳಿಯ ಹೊರತುದಿ ಪುಟ್ಟ ಹಿತ್ತಾಳೆಯ ಕಣ್ಣಿಗೆ ಬಂದು ಸೇರುವ ಜಾಗದಲ್ಲಿ ಹಸಿರು ಕಿಲುಬಿತ್ತು. ಕಣ್ಣಿನಿಂದ ಎರಡು ಮಿಲಿಮೀಟರ್ ದೂರದಲ್ಲಿ ತಂತಿ ತುಂಡಾಗಿ ನಿಂತಿತ್ತು. ಒಳಗೆಲ್ಲೋ ಕಡಿದಿದ್ದರೆ ಇಡೀ ಸುರುಳಿಯನ್ನು ಹೊಸದಾಗಿ ಸುತ್ತಬೇಕಾಗುತ್ತಿತ್ತು. ಹೊರಗಾದ್ದರಿಂದ ಬದುಕಿಸಬಹುದಿತ್ತು.

ಹಲ್ಲುಕಡ್ಡಿಯ ತುದಿಯಿಂದ ಆ ಎಳೆಯನ್ನು ಎಬ್ಬಿಸಿದೆ. ಮೊದಲ ಸಲ ತಂತಿ ಮತ್ತೆ ಕಡಿಯಿತು. ಉಸಿರು ಹಿಡಿದು ಅರ್ಧ ಸುತ್ತು ಬಿಚ್ಚಿಕೊಂಡೆ. ಎಂಟು ಸಾವಿರದಲ್ಲಿ ಒಂದು ಸುತ್ತು ಹೋದರೆ ದನಿಗೆ ನಷ್ಟವಿಲ್ಲ. ಈ ತಂತಿಗೆ ಮೆರುಗೆಣ್ಣೆಯಂಥ ಲೇಪವಿರುತ್ತದೆ, ಇಲ್ಲದಿದ್ದರೆ ಸುತ್ತುಗಳು ಒಂದಕ್ಕೊಂದು ತಾಗಿ ಸುರುಳಿಯೇ ವ್ಯರ್ಥ. ಆ ಲೇಪ ಹೋಗದೆ ಬೆಸುಗೆ ಹಿಡಿಯದು. ಮಡಚಿದ ನಯವಾದ ಎಮರಿ ಕಾಗದದ ನಡುವೆ ತುದಿಯನ್ನಿಟ್ಟು ಒಂದೇ ಸಲ ಎಳೆದೆ. ಕಂದು ಎಳೆಯ ತುದಿಯಲ್ಲಿ ತಾಮ್ರದ ಕೆಂಪು ಕಾಣಿಸಿತು. ಕಣ್ಣಿನ ಕಿಲುಬು ಕೆರೆದು ತವರ ಹಿಡಿಸಿ, ಎಳೆಯನ್ನು ಬಿಗಿಯಾಗದಂತೆ ಒಂದೂವರೆ ಸುತ್ತು ಸುತ್ತಿ, ಕಡ್ಡಿ ಮುಟ್ಟಿಸಿ ತೆಗೆದೆ. ಒಂದು ಕ್ಷಣದ ಕೆಲಸ. ಮೀಟರ್ ಹಚ್ಚಿದೆ: 5.9.

ಗುಂಯ್‌ಗುಡುವ ಐವತ್ತು

ಉಳಿದದ್ದು ಗುಂಯ್ ಸದ್ದು. ನಮ್ಮ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ತೂಗುತ್ತದೆ. ಅಮೆರಿಕದಲ್ಲಿ 60 ಸಲ. ಗೋಡೆಯೊಳಗಿನ ವೈರು, ಟ್ಯೂಬ್‌ಲೈಟು ಎಲ್ಲವೂ ಆ ತೂಗಾಟವನ್ನು ಗಾಳಿಗೆ ಚೆಲ್ಲುತ್ತಿರುತ್ತವೆ. ಸುರುಳಿ ಅದನ್ನೂ ಹೀರಿಕೊಳ್ಳುತ್ತದೆ. ತಂಬೂರಿಯ ಹಾಗೆ ಎಡೆಬಿಡದೆ ನುಡಿಯುತ್ತದೆ, ಆದರೆ ಯಾರೂ ಕೇಳದ ಶ್ರುತಿಯಲ್ಲಿ.

ಸಾಮಾನ್ಯವಾಗಿ ತಂತಿಗಳ ಮೇಲೆ ಕೈಯಿಟ್ಟರೆ ಈ ಸದ್ದು ತಗ್ಗುತ್ತದೆ. ನಮ್ಮ ಮೈಯೂ ಆಂಟೆನಾದಂತೆ ಅದನ್ನು ಹೀರುತ್ತಿರುತ್ತದೆ; ತಂತಿ ಗ್ರೌಂಡಿಗೆ ಸೇರಿದ್ದರೆ ಮೈಯ ಸದ್ದು ಅಲ್ಲಿ ಇಳಿದುಹೋಗುತ್ತದೆ. ಮಾವನ ಗಿಟಾರಿನಲ್ಲಿ ಕೈಯಿಟ್ಟರೂ ತಗ್ಗುತ್ತಿರಲಿಲ್ಲ. ಹಿಂಬದಿಯ ಮುಚ್ಚಳ ತೆಗೆದರೆ ಸ್ಪ್ರಿಂಗುಗಳನ್ನು ಹಿಡಿದ ಲೋಹದ ಪಂಜಕ್ಕೆ ಸೇರಬೇಕಿದ್ದ ಗ್ರೌಂಡ್ ವೈರು ಬಿಟ್ಟುಹೋಗಿತ್ತು. ಅದನ್ನು ಬೆಸೆದ ಮೇಲೆ ಗದ್ದಲ ಬಹಳಷ್ಟು ಇಳಿಯಿತು.

ಪೂರ್ತಿ ಹೋಗದು, ಯಾಕೆಂದರೆ ಅದು ಒಂಟಿ ಸುರುಳಿಯ ಸ್ವಭಾವ. ಗಿಬ್ಸನ್ ಕಂಪನಿಯ ಸೆತ್ ಲವರ್ ಎಂಬ ತಂತ್ರಜ್ಞರು 1955ರಲ್ಲಿ ಇದಕ್ಕೊಂದು ಸೊಗಸಾದ ಉತ್ತರ ಕೊಟ್ಟರು. ಎರಡು ಸುರುಳಿಗಳನ್ನು ಪಕ್ಕಪಕ್ಕ ಇಟ್ಟು, ಒಂದರ ಸುತ್ತನ್ನೂ ಅಯಸ್ಕಾಂತದ ದಿಕ್ಕನ್ನೂ ತಿರುಗುಮುರುಗು ಮಾಡಿದರು. ಹೊರಗಿನಿಂದ ಬಂದ ಗುಂಯ್ ಎರಡರಲ್ಲೂ ಎದುರುಬದುರಾಗಿ ಹುಟ್ಟಿ ಅಳಿಸಿಹೋಗುತ್ತದೆ. ತಂತಿಯ ದನಿ ಮಾತ್ರ ಕೂಡಿಕೊಳ್ಳುತ್ತದೆ. ಹಂಬಕರ್ ಎಂದು ಕರೆಯುವುದು ಇದನ್ನೇ. ಅದಕ್ಕೆ ಪೇಟೆಂಟ್ ಸಿಕ್ಕಿದ್ದು 1959ರಲ್ಲಿ.

ಪ್ರಾಣದ ಮಾತು

ಇದನ್ನು ಕಲಿಯುವವರು ಒಂದು ಗೆರೆ ದಾಟಬಾರದು. ಗಿಟಾರಿನೊಳಗೆ ಹುಟ್ಟುವುದು ಮಿಲಿವೋಲ್ಟುಗಳ ಲೆಕ್ಕದ ವಿದ್ಯುತ್ತು. ಅದು ಯಾರಿಗೂ ಏನೂ ಮಾಡದು. ಅದರ ಕೇಬಲ್ಲಿನ ಆಚೆ ತುದಿಯಲ್ಲಿರುವ ಆಂಪ್ಲಿಫಯರಿನ ಮಾತೇ ಬೇರೆ. ವಾಲ್ವ್ ಆಂಪ್ಲಿಫಯರಿನ ಕೆಪಾಸಿಟರುಗಳಲ್ಲಿ ಪ್ಲಗ್ಗು ಕಿತ್ತ ಮೇಲೂ ನೂರಾರು ವೋಲ್ಟು ಉಳಿದಿರಬಹುದು. ಬಲ್ಲವರ ಪಕ್ಕದಲ್ಲಿ ಕೂತು ಕಲಿಯದೆ ಅದನ್ನು ಬಿಚ್ಚಲೇಬೇಡಿ.

ಗಿಟಾರಿನ ತಂತಿ ಗ್ರೌಂಡಿಗೆ ಸೇರಿರುವುದರಿಂದ ವೇದಿಕೆಯ ವೈರಿಂಗ್ ತಪ್ಪಿದ್ದರೆ ನುಡಿಸುವವರ ಮೈಯೇ ದಾರಿಯಾಗುತ್ತದೆ. ಸ್ಟೋನ್ ದ ಕ್ರೋಸ್ ಎಂಬ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ 1972ರ ಮೇ ತಿಂಗಳಲ್ಲಿ ವೇಲ್ಸ್‌ನ ಸ್ವಾನ್ಸೀಯ ವೇದಿಕೆಯ ಮೇಲೆ, ಸರಿಯಾಗಿ ಅರ್ತ್ ಆಗದ ಮೈಕು ಮುಟ್ಟಿ ತೀರಿಕೊಂಡರು. ನಮ್ಮ ಹಳ್ಳಿಯ ವೇದಿಕೆಗಳಲ್ಲಿ ಮೈಕಿಗೆ ತುಟಿ ತಾಗಿ ಜುಂ ಎಂದ ಅನುಭವ ಮಾವನಿಗೂ ಉಂಟು. ಪ್ಲಗ್ಗಿನ ಮೂರನೇ ಪಿನ್ನು ಅಲಂಕಾರಕ್ಕಿಲ್ಲ. ಅದರಲ್ಲಿ ಅರ್ತ್ ಇದೆಯೇ ಎಂದು ನೋಡಿಯೇ ಹಚ್ಚಿ.

ಪೆನ್ಸಿಲ್ಲಿನ ಎರಡನೇ ಸಾಲು

ಮಾವ ಬಂದರು. ಹಚ್ಚಿಕೊಟ್ಟೆ. ನುಡಿಸುವ ಮೊದಲು ವಾಲ್ಯೂಮನ್ನು ಪೂರ್ತಿ ಇಳಿಸಿ ನಿಧಾನವಾಗಿ ಏರಿಸಿದರು. ಕರಕರ ಇಲ್ಲ. ಒಂದೇ ಒಂದು ತಂತಿಯನ್ನು ಮೀಟಿ, ಅದು ತಾನಾಗಿ ಆರುವ ತನಕ ಕೇಳಿದರು. ಸ್ವಿಚ್ಚನ್ನು ನಡುವಿಗೆ ತಂದು ಮತ್ತೆ ಮೀಟಿದರು. ಆಮೇಲೆ "ಇದು ಎಂಬತ್ತೇಳಕ್ಕಿಂತ ಮುಂಚಿನ ದನಿ" ಎಂದರು.

ಹೊಸದಾಗಿ ತಯಾರಾದ ಪೂರ್ತಿ ಜೋಡಣೆಯನ್ನೇ ತಂದು ಹಾಕಬಹುದಿತ್ತು. ಅರ್ಧ ದಿನದ ಕೆಲಸ. ಹಾಗೆ ಮಾಡಿದ್ದರೆ ಗಿಟಾರು ನುಡಿಯುತ್ತಿತ್ತು, ಆದರೆ ಅದಕ್ಕೆ ಏನಾಗಿತ್ತೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಕೆಟ್ಟದ್ದು ಮೂರು ಜಾಗ. ಬೆಸುಗೆ ಮುಟ್ಟಿಸಿದ್ದು ಆ ಮೂರಕ್ಕೇ.

ಫಲಕ ಮುಚ್ಚುವ ಮೊದಲು ತಿಪಟೂರಿನವರ ಗುಬ್ಬಿಯನ್ನು ಕಾಗದದ ಲಕೋಟೆಯಲ್ಲಿ ಹಾಕಿ ಗಿಟಾರಿನ ಚೀಲದಲ್ಲಿಟ್ಟಿದ್ದೆ. ಮರದ ಗೋಡೆಯ ಮೇಲೆ, 5-11-87ರ ಕೆಳಗೆ, ಪೆನ್ಸಿಲ್ಲಿನಲ್ಲಿ ದಿನಾಂಕ ಹಾಕಿ ಬರೆದೆ: ವಾಲ್ಯೂಮ್ ಹೊಸದು, 250. ನಡುವಿನ ಸುರುಳಿಯ ಹೊರತುದಿಗೆ ಬೆಸುಗೆ. ಪಂಜಕ್ಕೆ ಗ್ರೌಂಡ್. ಕೆಪಾಸಿಟರ್ ಹಳೆಯದೇ, ಚೆನ್ನಾಗಿದೆ.